ಒಂದೇ ತೋಳಿನ ಸ್ವೆಟರು

ನಮ್ಮ ಯಜಮಾನರಿಗೆ ನಲವತ್ತೆಂಟನೆಯ ವಯಸ್ಸಿನಲ್ಲಿ, ಬದುಕಿನಲ್ಲಿ ಒಂದು ಸಲವಾದರೂ ಮೊದಲನೆಯವರಾಗಬೇಕು ಎಂಬ ಆಸೆ ಹುಟ್ಟಿತು. ಅಲ್ಲಿಯವರೆಗೆ ಅಂಥ ಚಟ ಅವರಿಗೆ ಇರಲಿಲ್ಲ. ಬಸ್ಸಿಗೆ ಸಾಲು ನಿಂತರೆ ಹಿಂದಿನವರಿಗೆಲ್ಲ ದಾರಿ ಬಿಟ್ಟು ಬಿಟ್ಟು, ಕೊನೆಗೆ ನಡೆದೇ ಮನೆಗೆ ಬರುವ ಜೀವ ಅದು. ನಮ್ಮ ಮದುವೆಯ ಫೋಟೋದಲ್ಲಿ ಅವರ ಮುಖ ಅರ್ಧ ಮಾತ್ರ ಕಾಣುತ್ತದೆ, ಉಳಿದರ್ಧ ನನ್ನ ಸೋದರಮಾವನ ಭುಜದ ಹಿಂದೆ ಇದೆ. ಮದುವೆ ಅವರದೇ, ಆದರೂ ಯಾರಿಗೂ ಸ್ವಲ್ಪ ಸರಿಯಿರಿ ಎಂದು ಹೇಳಲಿಲ್ಲ.

ಅವರು ಕೆಲಸ ಮಾಡುವುದು ತೂಕ ಮತ್ತು ಅಳತೆ ಕಚೇರಿಯಲ್ಲಿ. ಅಂಗಡಿಗಳ ತಕ್ಕಡಿ ನೆಟ್ಟಗಿದೆಯೇ, ತೂಕದ ಕಲ್ಲು ಸವೆದಿದೆಯೇ ಎಂದು ನೋಡಿ ಮುದ್ರೆ ಒತ್ತುವ ಕಚೇರಿ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿ ಮಾಡಿ ಅವರ ಅಂಗೈಯೇ ತಕ್ಕಡಿಯಾಗಿದೆ. ಆಲೂಗಡ್ಡೆ, ಚಪ್ಪಲಿ, ಪಕ್ಕದ ಮನೆ ಬೆಕ್ಕಿನ ಮರಿ, ಏನೇ ಕೈಗಿಟ್ಟರೂ ಕಣ್ಣು ಅರೆ ಮುಚ್ಚಿ ಗ್ರಾಂ ಲೆಕ್ಕದಲ್ಲಿ ತೂಕ ಹೇಳುತ್ತಾರೆ. ಮದುವೆಯಾದ ಹೊಸದರಲ್ಲಿ ಒಂದು ಸಂಜೆ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಏನೋ ಪ್ರೀತಿಯ ಮಾತು ಬರುತ್ತದೆಂದು ನಾನೂ ಉಸಿರು ಬಿಗಿಹಿಡಿದು ಕಾದೆ. "ಮಣಿಕಟ್ಟಿನವರೆಗೆ ಮುನ್ನೂರೈವತ್ತು ಗ್ರಾಂ ಇರಬಹುದು" ಎಂದರು. ಅಂದಿನಿಂದ ನಮ್ಮ ತವರಿನಲ್ಲಿ ಅವರನ್ನು ಗ್ರಾಂ ಭಾವ ಎಂದೇ ಕರೆಯುತ್ತಾರೆ.

ಎಲೆ ಉದುರುವ ಕಾಲ ಬಂದರೆ ಆ ಕಚೇರಿಯಲ್ಲಿ ಬೆಚ್ಚನೆಯ ಬಟ್ಟೆ ಕೂಡಿಸಿ, ಇಲ್ಲದವರಿಗೆ ಕೊಡುವ ರೂಢಿ ಇದೆ. ಬೇರೆ ಕಚೇರಿಯವರು ಒಂದು ಪೆಟ್ಟಿಗೆ ಇಟ್ಟು ಸುಮ್ಮನಾಗುತ್ತಾರೆ. ಇವರು ತೂಕದವರಲ್ಲವೇ, ಪ್ರತಿಯೊಬ್ಬರು ತಂದದ್ದನ್ನೂ ದೊಡ್ಡ ತಕ್ಕಡಿಗೆ ಹಾಕಿ, ಗ್ರಾಮಿನ ಲೆಕ್ಕ ಬರೆದು, ಹೆಸರುಗಳನ್ನು ತೂಕದ ಪ್ರಕಾರ ನೋಟೀಸ್ ಬೋರ್ಡಿಗೆ ಅಂಟಿಸುತ್ತಾರೆ. ಒಂಬತ್ತು ವರ್ಷದಿಂದ ಮೊದಲ ಹೆಸರು ಅಲ್ಲಿನ ಕ್ಯಾಷಿಯರದು. ಈ ಸಲ ನಾನು ವಾರಗಟ್ಟಲೆ ಹಳೆಯ ಕಂಬಳಿ, ಕೋಟು ಹೊಂದಿಸಿ ದೊಡ್ಡ ಗಂಟು ಕಟ್ಟಿಕೊಟ್ಟಿದ್ದೆ. ಶುಕ್ರವಾರ ಮಧ್ಯಾಹ್ನ ಅದನ್ನು ತೂಗಿದಾಗ ಐದು ಕಿಲೋ ಎಂಟುನೂರು ಗ್ರಾಂ ಬಂತು. ಕ್ಯಾಷಿಯರದು ಆರು ಕಿಲೋ ನಲವತ್ತು.

"ಇನ್ನೂರ ನಲವತ್ತು ಗ್ರಾಂ ತಾನೇ, ಬೇಜಾರು ಮಾಡ್ಕೋಬೇಡಿ. ಎರಡನೆಯವರಾಗೋಕೂ ಯೋಗ್ಯತೆ ಬೇಕು" ಎಂದರಂತೆ ಕ್ಯಾಷಿಯರು, ಹಲ್ಲುಕಡ್ಡಿ ಆಡಿಸುತ್ತಾ.

ಆ ಹಲ್ಲುಕಡ್ಡಿಯೇ ನಮ್ಮ ಮನೆಗೆ ಕುತ್ತಾಯಿತು. ಊಟದ ಬಿಡುವಿನಲ್ಲಿ ಇವರು ಏದುಸಿರು ಬಿಡುತ್ತಾ ಮನೆಗೆ ಓಡಿಬಂದರು. ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುತ್ತಿದ್ದೆ, ಮಾವ ಒಳಕೋಣೆಯಲ್ಲಿ ನಿದ್ದೆ ಹೋಗಿದ್ದರು. ಹಜಾರದಲ್ಲಿ ಚಳಿಬಟ್ಟೆಯ ಟ್ರಂಕು ಇತ್ತು, ಹಿಂದಿನ ದಿನವಷ್ಟೇ ಅಟ್ಟದಿಂದ ಇಳಿಸಿದ್ದೆವು. ಮುಚ್ಚಳ ಎತ್ತಿದರು, ಮೇಲೆಯೇ ಇದ್ದ ಒಂದು ಬಟ್ಟೆಯ ಚೀಲವನ್ನು ಅಂಗೈಯಲ್ಲಿ ಹಿಡಿದು ತೂಗಿದರು, ಮುನ್ನೂರಕ್ಕೆ ಕಡಿಮೆಯಿಲ್ಲ ಎಂದು ಕೈ ಹೇಳಿತು, ತೆಗೆದುಕೊಂಡು ಓಡಿದರು. ಒಳಗೇನಿದೆ ಎಂದು ನೋಡುವ ಕೆಲಸ ಅಂಗೈಯದಲ್ಲ, ಕಣ್ಣಿನದು. ಆ ದಿನ ಕಣ್ಣಿಗೆ ರಜೆ ಇತ್ತು.

ಆರು ಕಿಲೋ ನೂರಾ ಹತ್ತು ಗ್ರಾಂ. ಸಾಯಂಕಾಲ ಬೋರ್ಡಿನ ಮೇಲೆ ಇವರ ಹೆಸರು ಎಲ್ಲರಿಗಿಂತ ಮೇಲೆ ಬಂತು. ಇವರು ಅದರ ಕೆಳಗೆ ನಿಂತು, ಕೊಡುವುದರಲ್ಲಿರುವ ಸುಖ ಇಟ್ಟುಕೊಳ್ಳುವುದರಲ್ಲಿ ಇಲ್ಲ ಎಂದು ಸಣ್ಣ ಭಾಷಣವನ್ನೂ ಮಾಡಿದರಂತೆ. ಮನೆಗೆ ಬಂದು ನನಗೂ ಅದನ್ನೇ ಒಪ್ಪಿಸಿದರು. ನಾನು ಟ್ರಂಕಿನ ಮುಚ್ಚಳ ತೆಗೆದು ನೋಡಿದೆ.

"ಇಲ್ಲಿದ್ದ ಚೀಲ ಎಲ್ರೀ?"

"ಅದೇ ಕಣೇ ಗೆಲ್ಸಿದ್ದು."

"ಅದ್ರಲ್ಲಿ ಅತ್ತೆಯ ಸ್ವೆಟರ್ ಇತ್ತು."

ಇವರು ಅಲ್ಲೇ ಟ್ರಂಕಿನ ಮೇಲೆ ಕುಸಿದು ಕುಳಿತರು. ಇಂಗು ತಿಂದ ಮಂಗನ ಮುಖವನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು.

ಆ ಸ್ವೆಟರಿನ ಕಥೆ ಹೇಳದಿದ್ದರೆ ಮುಂದಿನದು ಯಾರಿಗೂ ತಿಳಿಯುವುದಿಲ್ಲ. ನಮ್ಮ ಅತ್ತೆ ಅದನ್ನು ಮಾವನಿಗೆಂದು ಹೆಣೆಯಲು ಶುರುಮಾಡಿದ ವರ್ಷ ಮಾವ ಬೇರೆ ಊರಿಗೆ ವರ್ಗವಾಗಿದ್ದರು. ಜಗಳಕ್ಕೆ ಎದುರಾಳಿ ಇರಲಿಲ್ಲ. ಹಾಗಾಗಿ ಬೂದು ಬಣ್ಣದ ಮೈ, ಬಲತೋಳು ಎರಡೂ ಸಲೀಸಾಗಿ ಮುಗಿದವು. ಎಡತೋಳು ಹಿಡಿಯುವ ಹೊತ್ತಿಗೆ ಮಾವ ವಾಪಸ್ಸು ಬಂದರು. ಅಲ್ಲಿಂದ ಮುಂದೆ ಆರು ವರ್ಷ, ಅಂಗಳದಲ್ಲಿ ಮೊದಲ ಹಳದಿ ಎಲೆ ಬಿದ್ದ ದಿನ ಅತ್ತೆ ಕಡ್ಡಿ ಹಿಡಿಯುವರು, ನಾಲ್ಕು ಇಂಚು ಹೆಣೆಯುವರು, ಮಾವ ಏನಾದರೂ ಒಂದು ಮಾತು ಆಡುವರು, ಅತ್ತೆ ಬಾಯಿಬಿಡದೆ ಎರಡು ಇಂಚು ಬಿಚ್ಚುವರು. ಸಾರಿಗೆ ಉಪ್ಪು ಹೆಚ್ಚಾಯಿತು ಎಂದರೆ ಎರಡು ಇಂಚು. ನಿನ್ನ ಅಣ್ಣ ದಡ್ಡ ಎಂದರೆ ಮೂರು. ತೋಳು ಎಷ್ಟು ಉದ್ದವಿದೆ ಎಂದು ನೋಡಿದರೆ ಸಾಕು, ಆ ವಾರ ಮನೆ ಹೇಗೆ ನಡೆಯುತ್ತಿದೆ ಎಂದು ನೆರೆಯವರಿಗೆ ಗೊತ್ತಾಗುತ್ತಿತ್ತು. ಅತ್ತೆ ತೀರಿಕೊಂಡಾಗ ಎಡತೋಳು ಒಂದಿಂಚೂ ಇರಲಿಲ್ಲ. ಆಮೇಲೆ ಹನ್ನೊಂದು ವರ್ಷದಿಂದ, ಈ ಕಾಲದ ಒಂದು ಭಾನುವಾರ, ಬೆಳಗಿನಿಂದ ಸಂಜೆಯವರೆಗೆ ಮಾವ ಆ ಸ್ವೆಟರನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಾರೆ. ಹಾಕಿಕೊಳ್ಳುವುದಿಲ್ಲ. ಸಂಜೆ ನನ್ನ ಕೈಗೆ ಕೊಟ್ಟು, "ಎತ್ತಿಡಮ್ಮ" ಎನ್ನುತ್ತಾರೆ. ಇನ್ನೊಂದು ವಿಚಿತ್ರ ಅಂದರೆ, ಎಂಥ ಚಳಿಯಿದ್ದರೂ ತಮ್ಮ ಕೋಣೆಯ ಕಿಟಕಿ ಮುಚ್ಚಲು ಬಿಡುವುದಿಲ್ಲ. ಕೆಮ್ಮುತ್ತಾರೆ, ಎಲೆಗಳು ಹಾರಿಬಂದು ಹಾಸಿಗೆಯ ಮೇಲೆ ಬೀಳುತ್ತವೆ, ಆದರೂ "ಇರ್ಲಿ ಬಿಡಮ್ಮ" ಎನ್ನುತ್ತಾರೆ.

ಆ ಭಾನುವಾರಕ್ಕೆ ಉಳಿದಿದ್ದದ್ದು ಒಂದೇ ದಿನ.

ಶನಿವಾರ ಬೆಳಿಗ್ಗೆ ಇವರು ಕಚೇರಿಯ ಉಗ್ರಾಣಕ್ಕೆ ಹೋದರು. ಉಗ್ರಾಣದ ಸಾಹೇಬರು ಮೂವತ್ತೈದು ವರ್ಷ ನಿಯಮದ ಗೆರೆ ದಾಟದ ಮನುಷ್ಯ. ಇವರ ದುರದೃಷ್ಟಕ್ಕೆ ಕ್ಯಾಷಿಯರೂ ಅಲ್ಲೇ ಇದ್ದರು, ಬಾಯಲ್ಲಿ ಹಲ್ಲುಕಡ್ಡಿ.

"ಒಂದು ಸ್ವೆಟರ್ ವಾಪಸ್ ಬೇಕಿತ್ತು ಸಾರ್" ಎಂದರು ಇವರು, ಧ್ವನಿ ತಗ್ಗಿಸಿ.

"ಯಾಕೆ?"

ಮುನ್ನೂರು ಗ್ರಾಮಿನ ಆಸೆಗೆ ಅಮ್ಮನ ಸ್ವೆಟರನ್ನೇ ಕೊಟ್ಟುಬಿಟ್ಟೆ ಎಂದು ಕ್ಯಾಷಿಯರ ಎದುರು ಹೇಳಲು ಬಾಯಿ ಬರುತ್ತದೆಯೇ? ಇವರು ತಲೆ ಕೆರೆದುಕೊಂಡು, "ಅಪ್ಪನಿಗೆ ಸ್ವೆಟರ್ ಇಲ್ಲ ಸಾರ್" ಎಂದರು. ಸುಳ್ಳೇನಲ್ಲ. ಆದರೆ ಕೇಳಿದವರಿಗೆ ಅದು ಬೇರೆಯೇ ಆಗಿ ಕೇಳಿಸಿತು.

ಸಾಹೇಬರು ಕನ್ನಡಕ ತೆಗೆದರು. ಕ್ಯಾಷಿಯರು ಹಲ್ಲುಕಡ್ಡಿ ತೆಗೆದರು.

"ಆರು ಕಿಲೋ ಬಟ್ಟೆ ದಾನ ಕೊಟ್ಟು, ಮನೇಲಿ ವಯಸ್ಸಾದ ಅಪ್ಪನಿಗೆ ಸ್ವೆಟರ್ ಇಲ್ವೇನ್ರೀ?" ಎಂದರು ಸಾಹೇಬರು. "ಇಂಥ ಮನುಷ್ಯನ ಜೊತೆ ಇಷ್ಟು ವರ್ಷ ಇದ್ದು ಗೊತ್ತೇ ಆಗ್ಲಿಲ್ವಲ್ಲ. ಆದ್ರೆ ನೋಡಿ, ಕೊಟ್ಟದ್ದು ವಾಪಸ್ ತಗೊಳ್ಳೋಕೆ ಫಾರಂ ಇಲ್ಲ. ಇಲ್ಲದವರು ಕೇಳೋಕೆ ಫಾರಂ ಇದೆ. ತುಂಬಿ. ನೆರೆಹೊರೆಯವರಿಬ್ಬರ ಸಹಿ ಬೇಕು, ಆಮೇಲೆ ನಾನು ಮನೆಗೆ ಬಂದು ವಿಚಾರಣೆ ಮಾಡ್ತೀನಿ. ತಲೆಗೆ ಎರಡು ಕಿಲೋ ಉಣ್ಣೆ ಇದ್ರೆ ಅರ್ಹರಲ್ಲ, ಅದಕ್ಕಿಂತ ಕಡಿಮೆ ಇದ್ರೆ ಅರ್ಹರು."

"ಒಂದೇ ತೋಳಿನದು ಸಾರ್, ಬೂದು ಬಣ್ಣದ್ದು. ಅದೇ ಕೊಟ್ರೆ ಸಾಕು."

"ಅದು ದೋಷದ ಬಟ್ಟೆ, ರಿಪೇರಿಗೆ ಹೋಗಿದೆ. ಒಂದು ತೋಳಿನದು ಸಾಕು ಅಂತ ಕೇಳೋ ಸ್ಥಿತಿ ಬಂತಲ್ರೀ ನಿಮಗೆ" ಎಂದು ಸಾಹೇಬರು ಮುಖ ಆ ಕಡೆ ತಿರುಗಿಸಿದರು. ಕ್ಯಾಷಿಯರು ಇವರ ಬೆನ್ನು ತಟ್ಟಿದರಂತೆ. ಒಂಬತ್ತು ವರ್ಷದಲ್ಲಿ ಆ ಕೈ ಯಾರ ಬೆನ್ನನ್ನೂ ಮುಟ್ಟಿದ್ದಿಲ್ಲ.

ಸಹಿಗೆ ಇವರು ಮೊದಲು ಹೋದದ್ದು ಮೂಲೆಯ ಬೇಕರಿ ಅಕ್ಕನ ಹತ್ತಿರ. ಅಕ್ಕ ಗಲ್ಲಾದ ಹಿಂದೆ ಕುಳಿತು ಕೆಂಪು ಉಣ್ಣೆಯಲ್ಲಿ ಏನೋ ಹೆಣೆಯುತ್ತಿದ್ದರು. ಫಾರಂ ಓದಿದರು. "ಅಪ್ಪನಿಗೆ ಸ್ವೆಟರ್ ಇಲ್ಲ" ಎಂಬ ಸಾಲಿಗೆ ಬಂದಾಗ ಕಡ್ಡಿ ನಿಂತಿತು. ಸಹಿ ಹಾಕಿ, ಎರಡು ಬ್ರೆಡ್ಡು ಇವರ ಕಂಕುಳಿಗೆ ತುರುಕಿ, "ಎರಡು ದಿನ ತಡಿ, ಎಲ್ಲ ಸರಿ ಹೋಗುತ್ತೆ" ಎಂದು ಮೊದಲಿಗಿಂತ ಜೋರಾಗಿ ಹೆಣೆಯತೊಡಗಿದರು. ಇವರು ಬ್ರೆಡ್ಡಿನ ತೂಕ ನೋಡುತ್ತಿದ್ದರೇ ಹೊರತು ಅಕ್ಕನ ಮಡಿಲಲ್ಲಿ ಏನಿದೆ ಎಂದು ನೋಡಲಿಲ್ಲ.

ಎರಡನೆಯ ಸಹಿ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರದು. ಅವರಿಗೆ ಬರೀ ಸಹಿ ಹಾಕಿ ಗೊತ್ತಿಲ್ಲ. ಫಾರಮ್ಮಿನ ಹಿಂಬದಿಯಲ್ಲಿ, ಈ ಕುಟುಂಬವನ್ನು ಹದಿನಾರು ವರ್ಷದಿಂದ ಬಲ್ಲೆನೆಂದೂ, ಇವರು ಕಷ್ಟವನ್ನು ನಗುವಿನಲ್ಲಿ ಮುಚ್ಚಿಟ್ಟುಕೊಂಡವರೆಂದೂ ಒಂದು ಪುಟ ಬರೆದರು. ಆಮೇಲೆ ಬೀದಿಯ ಹನ್ನೊಂದು ಮನೆಗೂ ಹೋಗಿ, ಯಾರಿಗೂ ಹೇಳಬಾರದೆಂಬ ಷರತ್ತಿನ ಮೇಲೆ ವಿಷಯ ತಿಳಿಸಿದರು. ಅಂಥ ಷರತ್ತಿನ ಮೇಲೆ ಹೇಳಿದ್ದು ಎಷ್ಟು ಬೇಗ ಊರು ಸುತ್ತುತ್ತದೆ ಎಂದು ನಾನು ವಿವರಿಸಬೇಕಾಗಿಲ್ಲ. ಸಂಜೆಗೆ ಇವರ ಕೆಲಸ ಹೋಗಿತ್ತು, ರಾತ್ರಿ ಊಟದ ಹೊತ್ತಿಗೆ ಮನೆಯೂ ಹೋಗಿತ್ತು.

ಭಾನುವಾರ ಬೆಳಿಗ್ಗೆ ಏಳಕ್ಕೆ ಬಾಗಿಲು ತಟ್ಟಿದ್ದು ಎದುರು ಮನೆಯಾಕೆ. ಕೈಯಲ್ಲಿ ಸೂಪಿನ ಪಾತ್ರೆ. "ಜಾಸ್ತಿ ಆಗಿತ್ತು" ಎಂದರು. ಬೆಳಿಗ್ಗೆ ಏಳಕ್ಕೆ ಯಾರ ಮನೆಯಲ್ಲಿ ಸೂಪು ಜಾಸ್ತಿಯಾಗುತ್ತದೆ? ಅವರ ಬೆನ್ನಿಗೆ ಕಂಬಳಿ ಬಂತು, ಕಂಬಳಿಯ ಬೆನ್ನಿಗೆ ಮತ್ತೆರಡು ಕಂಬಳಿ, ಒಂದು ರಜಾಯಿ, ಕಾಲಿಲ್ಲದ ಕುರ್ಚಿ, ಹೆಡ್‌ಮಾಸ್ಟರ ಕಪ್ಪು ಓವರ್‌ಕೋಟು. ಹತ್ತು ಗಂಟೆಗೆ ಕ್ಯಾಷಿಯರು ತಾವೇ ಬಂದು ಒಂದು ಡಬ್ಬಿ ಹಲ್ಲುಕಡ್ಡಿ ಮತ್ತು ಮಫ್ಲರು ಕೊಟ್ಟುಹೋದರು. ಒಬ್ಬೊಬ್ಬರೂ ನನ್ನ ಭುಜ ಸವರಿ, ಹಜಾರದ ಗೋಡೆಗಳನ್ನು ಕಡೆಯ ಸಲ ನೋಡುವವರ ಹಾಗೆ ನೋಡಿ ಹೋದರು. ಇಲ್ಲಾರೀ, ನಮಗೇನೂ ಆಗಿಲ್ಲ ಎಂದರೆ, "ನಿಮ್ಮ ಧೈರ್ಯ ಮೆಚ್ಚಬೇಕಮ್ಮ" ಎನ್ನುತ್ತಿದ್ದರು.

ಇದೆಲ್ಲದರ ನಡುವೆ ಮಾವ ಸ್ನಾನ ಮುಗಿಸಿ, ತಲೆ ಬಾಚಿ, ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕುಳಿತರು. "ಸ್ವೆಟರ್ ಎಲ್ಲಮ್ಮ?" ಎಂದು ಕೈ ಚಾಚಿದರು.

"ಟ್ರಂಕಿನ ಕೀ ಕಳ್ದೋಗಿದೆ ಅಪ್ಪಾ" ಎಂದರು ಇವರು. ಕೀ ಅವರದೇ ಜೇಬಿನಲ್ಲಿ ಇತ್ತು. ಜೇಬಿಗೆ ತೂತೂ ಇತ್ತು. ಮಾತು ಮುಗಿಯುವ ಮುಂಚೆ ಕೀ ಜಾರಿ ನೆಲಕ್ಕೆ ಬಿದ್ದು ಟಣ್ ಎಂದಿತು. ನಾನು ಅದರ ಮೇಲೆ ಕಾಲಿಟ್ಟು ನಿಂತೆ, ಮಾವ ಕಿಟಕಿಯಾಚೆ ನೋಡುತ್ತಾ, "ಸಿಕ್ಕಾಗ ಕೊಡಿ" ಎಂದರು. ಚಾಚಿದ್ದ ಕೈಯನ್ನು ನಿಧಾನವಾಗಿ ಮಡಿಲಿಗೆ ಇಟ್ಟುಕೊಂಡರು. ಬರಿಯ ಮಡಿಲು. ನನಗೆ ಗಂಡನ ಮೇಲೆ ಕೋಪ ಬಂತು. ಸಂಜೆಯವರೆಗೂ ಮಾವ ಅಲ್ಲಿಂದ ಏಳಲಿಲ್ಲ, ಸೂಪನ್ನೂ ಮುಟ್ಟಲಿಲ್ಲ.

ಸೋಮವಾರ ಐದು ಗಂಟೆಗೆ ಉಗ್ರಾಣದ ಸಾಹೇಬರ ವಿಚಾರಣೆ. ನಾಲ್ಕಕ್ಕೆ ಇವರು ಕಚೇರಿಯಿಂದ ಓಡಿಬಂದು ಹಜಾರದ ಮಧ್ಯೆ ನಿಂತು ಸುತ್ತ ನೋಡಿದರು. ಬರೀ ಕಣ್ಣಳತೆಯಲ್ಲಿ ಮೂವತ್ತೊಂದು ಕಿಲೋ ಉಣ್ಣೆ.

"ಇದನ್ನೆಲ್ಲ ನೋಡಿದ್ರೆ ನಾವು ಅರ್ಹರಲ್ಲ ಅಂತ ಬರೀತಾರೆ ಕಣೇ" ಎಂದರು, ಮುಖ ಸಣ್ಣದು ಮಾಡಿಕೊಂಡು.

"ಸಾಹೇಬರಿಗೆ ಇದ್ದದ್ದು ಇದ್ದ ಹಾಗೆ ಹೇಳಬಾರ್ದಾ?"

"ಹೇಳ್ತೀನಿ ಕಣೇ. ಮೊದ್ಲು ಇದನ್ನ ಸಾಗಿಸೋಣ."

ಅಂಗಳದಲ್ಲಿ ಒಣಗಿದ ಎಲೆ ತುಂಬುವ ಕೈಗಾಡಿ ಇತ್ತು. ಅದರ ತಳಕ್ಕೆ ಕಂಬಳಿ ಹಾಕಿ, ಮೇಲೆ ಎಲೆ ಮುಚ್ಚಿ, ಬೇಕರಿಯ ಹಿಂದಿನ ಸೌದೆ ಕೊಟ್ಟಿಗೆಗೆ ತಳ್ಳಿಕೊಂಡು ಹೋದರು. ಒಂದು ಸಲ, ಎರಡು ಸಲ, ಮೂರು ಸಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ? ಮೂರನೆಯ ಸಲ ಗಾಳಿ ಬೀಸಿ ಎಲೆಗಳು ಹಾರಿ, ರಜಾಯಿಯ ಮೂಲೆ ಹೊರಗೆ ಬಂತು. ಹೆಡ್‌ಮಾಸ್ಟರು ಗೇಟಿನ ಬಳಿ ನಿಂತಿದ್ದರು. ನೋಡಿದ್ದನ್ನು ನೋಡದ ಹಾಗೆ ಆಕಾಶ ನೋಡಿದರು. ಆಮೇಲೆ ಬೀದಿಗೆಲ್ಲ ಸುದ್ದಿ: ಕೊಟ್ಟ ಕಂಬಳಿಯನ್ನೂ ಮಾರಿಕೊಳ್ಳುವ ಗತಿ ಬಂದಿದೆ, ಪಾಪ, ಮರ್ಯಾದೆಗೆ ಅಂಜಿ ಕಸದ ಕೆಳಗೆ ಬಚ್ಚಿಟ್ಟು ಸಾಗಿಸುತ್ತಿದ್ದಾರೆ.

ಅದನ್ನೆಲ್ಲ ನೋಡಿದ, ಬೀದಿಯ ಮಾತನ್ನೂ ಕೇಳಿದ ಇನ್ನೊಬ್ಬರು ತೆರೆದ ಕಿಟಕಿಯ ಹಿಂದೆ ಕುಳಿತಿದ್ದರು. ಅದು ನಮಗೆ ಹೊಳೆಯಲೇ ಇಲ್ಲ.

ಐದಕ್ಕೆ ಸರಿಯಾಗಿ ಸಾಹೇಬರು ಬಂದರು. ಕೈಯಲ್ಲಿ ರಿಜಿಸ್ಟರು, ಹೆಗಲಲ್ಲಿ ಕೊಕ್ಕೆಯ ತಕ್ಕಡಿ. ಹಜಾರ ಖಾಲಿ ಹೊಡೆಯುತ್ತಿತ್ತು. ನನ್ನ ಶಾಲು, ಇವರ ಸ್ವೆಟರು ಎರಡನ್ನೂ ಕೊಕ್ಕೆಗೆ ಸಿಕ್ಕಿಸಿ ತೂಗಿ, ಲೊಚಗುಟ್ಟಿ, "ಬಹಳ ಕಡಿಮೆ" ಎಂದು ಬರೆದುಕೊಂಡರು. ಇವರ ಮುಖ ಅರಳಿತು. ಕಡು ಬಡವರೆಂದು ಸರ್ಕಾರಿ ರಿಜಿಸ್ಟರಿನಲ್ಲಿ ದಾಖಲಾಗುವಾಗ ಅಷ್ಟು ಖುಷಿಪಟ್ಟ ಮನುಷ್ಯ ಇನ್ನೊಬ್ಬ ಇರಲಾರ.

"ಹಿರಿಯರದು?" ಎಂದರು ಸಾಹೇಬರು.

ಆಗ ಒಳಗಿನಿಂದ ಮಾವ ಬಂದರು. ಮೈಮೇಲೆ ಹೆಡ್‌ಮಾಸ್ಟರ ಓವರ್‌ಕೋಟು, ಕತ್ತಿಗೆ ಕ್ಯಾಷಿಯರ ಮಫ್ಲರು, ಹೆಗಲ ಮೇಲೆ ಎರಡು ಕಂಬಳಿ. ಇವರು ಗಾಡಿ ತಳ್ಳಿಕೊಂಡು ಹೋದಾಗಲೆಲ್ಲ ಒಂದೊಂದಾಗಿ ಒಯ್ದು ತಮ್ಮ ಮಂಚದ ಕೆಳಗೆ ಇಟ್ಟುಕೊಂಡಿದ್ದರಂತೆ. ಎದೆ ಸೆಟೆಸಿ ನಿಂತರು.

"ಯಾರು ಹೇಳಿದ್ದು ನಮಗೆ ಕಷ್ಟ ಅಂತ? ನೋಡಿ, ಇದೆಲ್ಲ ನನ್ನ ಮಗ ಹೊಲಿಸಿಕೊಟ್ಟದ್ದು. ಈ ಮನೇಲಿ ಯಾವ ಕೊರತೆನೂ ಇಲ್ಲ. ನಿಮ್ಮ ಸಹಾಯ ಇಲ್ಲದವರಿಗೆ ಕೊಡಿ, ಪುಣ್ಯ ಬರುತ್ತೆ. ತೂಗ್ರಿ ಬೇಕಾದ್ರೆ."

ಸಾಹೇಬರು ತೂಗಿದರು. ಒಂಬತ್ತು ಕಿಲೋ ಇನ್ನೂರು. ಫಾರಮ್ಮಿನ ಮೇಲೆ "ಅರ್ಹರಲ್ಲ" ಎಂದು ಬರೆದು, ಇವರನ್ನು ಒಂದು ಸಲ ಕೆಕ್ಕರಿಸಿ ನೋಡಿ, ನಮಸ್ಕಾರವನ್ನೂ ಹೇಳದೆ ಹೊರಟುಹೋದರು. ಆ ರಭಸದಲ್ಲಿ ತಕ್ಕಡಿಯನ್ನು ನಮ್ಮ ಹಜಾರದಲ್ಲೇ ಬಿಟ್ಟರು.

ಬಾಗಿಲು ಮುಚ್ಚಿದ ಮೇಲೆ ಮಾವನ ಎದೆ ಇಳಿಯಿತು. ಕೋಟು ಬಿಚ್ಚಿ ಜೋಪಾನವಾಗಿ ಮಡಚಿದರು. "ಇಬ್ರೂ ಬನ್ನಿ ಇಲ್ಲಿ. ನಂಗೆ ಎಲ್ಲ ಗೊತ್ತಾಗಿದೆ" ಎಂದರು.

ಇವರು ನನ್ನ ಬೆನ್ನ ಹಿಂದೆ ಸರಿದರು.

"ಕೆಲಸ ಹೋದ್ರೆ ಹೋಯ್ತು, ಅದಕ್ಯಾಕೆ ಕದ್ದು ಮುಚ್ಚಿ ಕಂಬಳಿ ಮಾರ್ತೀಯಾ? ಹೊರಗಿನವರ ಮುಂದೆ ನಿನ್ನ ತಲೆ ತಗ್ಗಬಾರ್ದು ಅಂತ ಹಾಗೆ ಹೇಳ್ದೆ. ಈಗ ನನ್ನ ಮಾತು ಕೇಳು. ಕೀ ಸಿಗದಿದ್ರೆ ಬೀಗ ಒಡೆಸು. ನಿಮ್ಮಮ್ಮನ ಸ್ವೆಟರ್ ತೆಗೆದು ಇವಳ ಕೈಗೆ ಕೊಡು." ನನ್ನ ಕಡೆ ತಿರುಗಿದರು. "ಅದನ್ನ ಬಿಚ್ಚಿ ಇವನಿಗೆ ಎರಡು ಜೊತೆ ಕಾಲುಚೀಲ ಹೆಣೆದುಕೊಡಮ್ಮ. ತೂತು ಕಾಲುಚೀಲ ಹಾಕ್ಕೊಂಡು ಹೋದ್ರೆ ಇವನಿಗೆ ಯಾರು ಕೆಲಸ ಕೊಡ್ತಾರೆ? ಬಿಚ್ಚೋದು ಕಷ್ಟ ಏನಲ್ಲ. ನಿಮ್ಮತ್ತೆ ಎಷ್ಟು ಸಲ ಬಿಚ್ಚಿಲ್ಲ."

ನಮ್ಮ ಯಜಮಾನರು ನೆಲದ ಮೇಲೆ ಕುಳಿತು, ನಲವತ್ತೆಂಟು ವರ್ಷದ ಗಂಡಸು, ಎಳೆಮಗುವಿನ ಹಾಗೆ ಅತ್ತುಬಿಟ್ಟರು. ಹಲ್ಲುಕಡ್ಡಿಯಿಂದ ಹಿಡಿದು ಕೈಗಾಡಿಯವರೆಗೆ ಒಂದನ್ನೂ ಬಿಡದೆ ಹೇಳಿದರು. ನನ್ನ ಕಣ್ಣೂ ಒದ್ದೆಯಾಗಿತ್ತು.

ಮಾವ ಮಡಚಿದ ಕೋಟನ್ನು ಪಕ್ಕಕ್ಕಿಟ್ಟರು. "ಎಷ್ಟಿತ್ತು?" ಎಂದರು.

"ಏನಪ್ಪಾ?"

"ತೂಕ."

"ಮುನ್ನೂರ ಹತ್ತು ಗ್ರಾಂ."

"ಅಷ್ಟೇನಾ" ಎಂದರು ಮಾವ. "ಕೈಗೆ ಬಹಳ ಭಾರ ಅನ್ನಿಸ್ತಿತ್ತು."

ಆಮೇಲೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ, ಅತ್ತೆಯ ಜೊತೆಗಿನ ಕೊನೆಯ ಜಗಳದ ವಿಷಯ ಹೇಳಿದರು. ಇಂಥದ್ದೇ ಒಂದು ಸಂಜೆ. ಉದುರಿದ ಎಲೆಯ ವಾಸನೆ ಬರಲಿ, ಕಿಟಕಿ ತೆಗೆದಿರಲಿ ಎಂದು ಅತ್ತೆ. ಚಳಿ, ಮುಚ್ಚು ಎಂದು ಮಾವ. ಅತ್ತೆ ತೆಗೆಯುವುದು, ಮಾವ ಮುಚ್ಚುವುದು. ಕೊನೆಗೆ ಮಾವ ಚಿಲಕ ಹಾಕಿಬಿಟ್ಟರು. ಅತ್ತೆ ಮುಕ್ಕಾಲು ಮುಗಿದಿದ್ದ ಎಡತೋಳನ್ನು ಬುಡದವರೆಗೆ ಬಿಚ್ಚಿ ಉಂಡೆ ಸುತ್ತಿ ಎದ್ದುಹೋದರು. ಎರಡು ದಿನಕ್ಕೆ ಅವರು ಇರಲಿಲ್ಲ.

"ಪೂರ್ತಿ ಬಿಚ್ಚಿದ್ದು ಅದೊಂದೇ ಸಲ" ಎಂದರು ಮಾವ. "ರಾಜಿ ಮಾಡ್ಕೊಳ್ಳೋಕೆ ಟೈಮೇ ಕೊಡ್ಲಿಲ್ಲ ಅವಳು."

ಬಾಗಿಲ ಬಳಿ ಯಾರೋ ಗಂಟಲು ಸರಿಮಾಡಿದ ಸದ್ದಾಯಿತು. ಉಗ್ರಾಣದ ಸಾಹೇಬರು. ತಕ್ಕಡಿಗೆಂದು ವಾಪಸ್ಸು ಬಂದವರು ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದರೋ. ತಕ್ಕಡಿ ಎತ್ತಿಕೊಂಡರು. ಏನೋ ಹೇಳಲು ಬಾಯಿ ತೆರೆದು, "ವಾಪಸ್ ಕೊಡೋಕೆ ನಿಯಮ ಇಲ್ಲ" ಎಂದಷ್ಟೇ ಗೊಣಗಿ, ಮೂಗು ಒರೆಸಿಕೊಳ್ಳುತ್ತಾ ಹೋದರು. ಕಲ್ಲು ಹೃದಯದವನು ಎಂದು ನಾನು ಮನಸ್ಸಿನಲ್ಲೇ ಬೈದೆ.

ಮಂಗಳವಾರ ಸಂಜೆ ಅದೇ ಸಾಹೇಬರು ಮತ್ತೆ ಬಂದರು. ಹಿಂದೆ ಬೇಕರಿ ಅಕ್ಕ, ಅವರ ಹಿಂದೆ, ವಿಷಯವೇನೆಂದು ತಿಳಿಯದೆ ಊಟ ಸೇರದ ಹೆಡ್‌ಮಾಸ್ಟರು. ಸಾಹೇಬರ ಕಂಕುಳಲ್ಲಿ ಕಂದು ಕಾಗದದ ಪೊಟ್ಟಣ. ಇವರ ಎದುರು ನಿಂತು, ಗಟ್ಟಿಯಾಗಿ ಒಂದು ಕಾಗದ ಓದಿದರು.

"ತಾವು ಕೊಟ್ಟ ಉಣ್ಣೆಬಟ್ಟೆಯ ದಾಖಲೆಯ ತೂಕ ಮುನ್ನೂರ ಹತ್ತು ಗ್ರಾಂ. ರಿಪೇರಿಯ ನಂತರದ ತೂಕ ನಾನೂರ ಎರಡು ಗ್ರಾಂ. ತೂಕ ತಾಳೆಯಾಗದ ವಸ್ತು ಉಗ್ರಾಣದಲ್ಲಿ ಇರಕೂಡದು. ನಿಯಮ ಹದಿನೇಳರ ಪ್ರಕಾರ ಅದನ್ನು ಕೊಟ್ಟವರಿಗೇ ಹಿಂದಿರುಗಿಸಲಾಗಿದೆ." ಕನ್ನಡಕದ ಮೇಲಿನಿಂದ ನೋಡಿದರು. "ನಿನ್ನೆಯಿಂದ ಹುಡುಕಿದೀನಿ ಈ ನಿಯಮನ. ಇನ್ನೊಂದು ವಿಷಯ. ಬೋರ್ಡಿನಲ್ಲಿ ನಿಮ್ಮ ತೂಕ ಮತ್ತೆ ಐದು ಕಿಲೋ ಎಂಟುನೂರಕ್ಕೆ ಇಳಿಯುತ್ತೆ. ನೀವು ಎರಡನೆಯವರು. ಒಪ್ಪಿಗೆ ಇದ್ರೆ ಸಹಿ ಹಾಕಿ."

ಅಷ್ಟು ಬೇಗ ಇವರು ಸಹಿ ಹಾಕಿದ್ದು ನಮ್ಮ ಮದುವೆಯ ರಿಜಿಸ್ಟರಿನಲ್ಲೂ ಅಲ್ಲ.

ಪೊಟ್ಟಣ ಬಿಚ್ಚಿದೆ. ಬೂದು ಬಣ್ಣದ ಮೈ, ಬೂದು ಬಣ್ಣದ ಬಲತೋಳು, ಕಡು ಕೆಂಪು ಬಣ್ಣದ ಎಡತೋಳು.

"ಬೂದು ಬಣ್ಣ ಸಿಗ್ಲಿಲ್ಲಮ್ಮ" ಎಂದರು ಬೇಕರಿ ಅಕ್ಕ, ಮೆಲ್ಲಗೆ. "ಮೊಮ್ಮಗಳ ಟೋಪಿಗೆ ತಂದಿದ್ದು ಉಳಿದಿತ್ತು. ಉಗ್ರಾಣದ ರಿಪೇರಿ ನನ್ನ ಹತ್ರಾನೇ ಬರೋದು, ಆದ್ರೆ ಇದು ನಿಮ್ಮ ಅತ್ತೆಯದು ಅಂತ ಇವತ್ತು ಸಾಹೇಬ್ರು ಹೇಳಿದ್ಮೇಲೇ ಗೊತ್ತಾಗಿದ್ದು. ಗೊತ್ತಿದ್ರೆ ನಾನು ಮುಟ್ತಾನೇ ಇರ್ಲಿಲ್ಲ."

ಮಾವ ಸ್ವೆಟರನ್ನು ಮಡಿಲಿಗೆ ತೆಗೆದುಕೊಂಡು ಬೂದು ತೋಳನ್ನು ಸವರಿದರು, ಕೆಂಪು ತೋಳನ್ನು ಬೆರಳಿನಲ್ಲಿ ಅಳೆದರು. ಆಮೇಲೆ ಎದ್ದು ನಿಂತು, ತಲೆ ತೂರಿಸಿ, ಹಾಕಿಕೊಂಡರು. ಹನ್ನೊಂದು ವರ್ಷ ಮಡಿಲಲ್ಲಿ ಕಂಡದ್ದನ್ನು ಅವರ ಮೈಮೇಲೆ ನಾವು ನೋಡಿದ್ದು ಅದೇ ಮೊದಲು. ಬಲತೋಳು ಮಣಿಕಟ್ಟಿಗೆ ಸರಿಯಾಗಿ ನಿಂತಿತು. ಎಡತೋಳು ಎರಡು ಇಂಚು ಉದ್ದವಾಗಿ ಬೆರಳುಗಳನ್ನೇ ನುಂಗಿತ್ತು.

ಮಾವ ದಾರದ ತುದಿ ಹುಡುಕಿ ಎಳೆದರು. ಒಂದು ಸಾಲು, ಎರಡು ಸಾಲು, ಸರಸರನೆ ಬಿಚ್ಚತೊಡಗಿದರು. ಅಕ್ಕನ ಮುಖ ಬಾಡಿತು. ಇವರು, "ಅಪ್ಪಾ, ಬೇಡ ಅಪ್ಪಾ" ಎಂದು ಮುಂದೆ ಹೋದರು. ಸರಿಯಾಗಿ ಎರಡು ಇಂಚಿಗೆ ಮಾವ ನಿಲ್ಲಿಸಿ, ದಾರ ಕಡಿದು ಗಂಟು ಹಾಕಿದರು.

"ಬೇಜಾರು ಮಾಡ್ಕೋಬೇಡಮ್ಮ" ಎಂದರು ಅಕ್ಕನಿಗೆ. "ಚೆನ್ನಾಗಿ ಹೆಣೆದಿದೀಯ. ಆದ್ರೆ ಬಿಚ್ಚದೇ ಇದ್ರೆ ಇದು ನಮ್ಮನೆ ಸ್ವೆಟರ್ ಅನ್ನಿಸಲ್ಲ. ಯಾವಾಗ್ಲೂ ಅವಳು ಬಿಚ್ತಿದ್ಲು. ಈ ಸಲ ನನ್ನ ಸರದಿ."

ಗಾಳಿ ಬೀಸಿ ಎರಡು ಎಲೆ ಒಳಗೆ ಬಂದವು. ಇವರು ಅಭ್ಯಾಸಬಲದಿಂದ ಕಿಟಕಿ ಮುಚ್ಚಲು ಹೋದರು.

"ತೆಗೆದೇ ಇರ್ಲಿ ಬಿಡೋ" ಎಂದರು ಮಾವ. "ಈಗ ನಂಗೆ ಚಳಿ ಆಗ್ತಿಲ್ಲ. ಅವತ್ತು ಈ ತೋಳು ಮುಗಿದಿದ್ರೆ ನಾನೂ ಮುಚ್ಚು ಅಂತಿರ್ಲಿಲ್ಲ."

ಸಾಹೇಬರು ಮತ್ತೆ ಮೂಗು ಒರೆಸಿಕೊಂಡರು. ನಾನು ಎಲ್ಲರಿಗೂ ಚಹಾ ಇಡಲು ಎದ್ದೆ. ಹೋಗುವಾಗ ನೋಡುತ್ತೇನೆ, ನಮ್ಮ ಯಜಮಾನರು ನೆಲದ ಮೇಲೆ ಬಿದ್ದಿದ್ದ ಕೆಂಪು ದಾರವನ್ನು ಆಯ್ದು ಅಂಗೈಯಲ್ಲಿ ಇಟ್ಟುಕೊಂಡು, ಕಣ್ಣು ಅರೆ ಮುಚ್ಚಿದ್ದಾರೆ.

"ಎಂಟು ಗ್ರಾಂ ಇರಬಹುದು" ಎಂದರು.

"ಇಲ್ಲಿ ಕೊಡು ಅದನ್ನ" ಎಂದರು ಮಾವ, ಕೆಂಪು ತೋಳಿನ ಕೈ ಚಾಚಿ. "ಇದನ್ನೂ ಒಯ್ದು ಕೊಟ್ಟು ಬಂದ್ಬಿಟ್ಟೀಯ."